ನಲವತ್ತೊಂದನೇ ಪ್ರಶ್ನೆಗೆ ಚೌಡಪ್ಪನ ಉತ್ತರ

ಕಂಡವರ ಜಗಲಿಯ ಮೇಲೆ ಕೂತು ಅವರ ಅಭಿಪ್ರಾಯ ಕೇಳಿ ಬರೆದುಕೊಳ್ಳುವ ಕಸುಬಿನಲ್ಲಿ ನಾನು ಇಪ್ಪತ್ತಾರು ವರ್ಷ ಸವೆದೆ. ಈಚೆಗೆ ಹೊಸೂರಿನಲ್ಲಿ ಇದೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, "ಸಾರ್, ನಿಮ್ಮ ಅನುಭವ ಹೇಳಿ" ಎಂದರು. ಬಾಗಿಲು ಹೇಗೆ ತಟ್ಟಬೇಕು, ಎಷ್ಟು ನಗಬೇಕು, ನಾಯಿ ಇದ್ದರೆ ಎಷ್ಟು ದೂರದಲ್ಲಿ ನಗಬೇಕು, ಇದೆಲ್ಲ ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಾಗಿತ್ತು. ತರಬೇತಿಯಲ್ಲಿ ಹೇಳಿಕೊಡದೆ ಬಿಟ್ಟದ್ದು ಒಂದೇ ಒಂದಿದೆ. ಅದನ್ನು ಆ ಮಕ್ಕಳ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗಲಿಲ್ಲ. ಕಾಫಿ ಕೊಟ್ಟು ಕಳಿಸಿದೆ. ಈಗ ಬರೆಯುತ್ತಿದ್ದೇನೆ.

ನಾನಿದ್ದದ್ದು ಚೆನ್ನೈಯ ಒಂದು ಸಮೀಕ್ಷಾ ಸಂಸ್ಥೆಯಲ್ಲಿ. ಹೆಸರು ಬೇಡ, ಅದಿನ್ನೂ ಜೀವಂತವಾಗಿದೆ. ಗಡಿಯ ತಳಿ ಎಂಬ ಊರಿನ ಕಡೆಯವನಾದ್ದರಿಂದ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಈ ಮೂರು ಭಾಷೆ ನನ್ನ ವಿದ್ವತ್ತೆಂದು ಭಾವಿಸಿ ಅವರು ಕೆಲಸ ಕೊಟ್ಟರು. ನಮ್ಮ ಕಡೆ ಎಮ್ಮೆಗೂ ಮೂರು ಭಾಷೆ ಅರ್ಥವಾಗುತ್ತದೆ ಎಂದು ನಾನು ಹೇಳಲಿಲ್ಲ. ಹೊಸೂರು, ಕೃಷ್ಣಗಿರಿ, ತಳಿ, ಜವಳಗಿರಿ, ಇಷ್ಟು ನನ್ನ ಸಾಮ್ರಾಜ್ಯ. ಸೋಪು, ಚಹಾಪುಡಿ, ಸೊಳ್ಳೆಬತ್ತಿ, ಚುನಾವಣೆ: ಈ ಕ್ರಮದಲ್ಲಿ ನಾನು ಜನಮನವನ್ನು ಅಳೆದೆ.

ಮೊದಲ ತಿಂಗಳಲ್ಲೇ ನಾನು ಕಲಿತ ಪಾಠವೊಂದನ್ನು ಇಲ್ಲಿ ಹೇಳಬೇಕು. ಹಲ್ಲುಜ್ಜುವ ಪೇಸ್ಟಿನ ಬಗ್ಗೆ ಕೇಳುತ್ತಿದ್ದ ಕಾಲ. ಡೆಂಕಣಿಕೋಟೆ ಹತ್ತಿರ ಒಬ್ಬ ಹಿರಿಯರು ಬಾಯಲ್ಲಿ ಬೇವಿನಕಡ್ಡಿ ಅಗಿಯುತ್ತಲೇ, ಬಹಳ ಗಂಭೀರವಾಗಿ, ದುಬಾರಿ ಪೇಸ್ಟೊಂದರ ಹೆಸರು ಹೇಳಿದರು. ನಾನು ಕಡ್ಡಿಯನ್ನು ನೋಡಿದೆ. ಅವರು ನಾನು ನೋಡಿದ್ದನ್ನು ನೋಡಿದರು. ಆಮೇಲೆ ಕಡ್ಡಿಯನ್ನು ಇನ್ನೊಂದು ದವಡೆಗೆ ಸರಿಸಿಕೊಂಡು, "ಬರ್ಕೊ" ಎಂದರು. ನಾನು ಜಾಣತನ ಮಾಡಿ 'ಬೇವಿನಕಡ್ಡಿ' ಎಂದು ಬರೆದೆ. ಆಗಿನ ಮೇಲಧಿಕಾರಿ, ಈಗ ತೀರಿಕೊಂಡಿರುವ ಒಬ್ಬ ಒಳ್ಳೆಯ ಮನುಷ್ಯ, ನನ್ನನ್ನು ಕರೆಸಿ ಹೇಳಿದರು: "ನೀನು ನೋಡಿದ್ದನ್ನಾಗಲಿ, ನಿನಗೆ ಅನ್ನಿಸಿದ್ದನ್ನಾಗಲಿ ಬರೆಯಬೇಡ. ಅವರು ಹೇಳಿದ್ದನ್ನು ಹೇಳಿದಂತೆ ಬರಿ. ಈ ಕಸುಬಿಗೆ ಇರುವುದು ಅದೊಂದೇ ಧರ್ಮ."

ಎರಡನೆಯ ನಿಯಮ ಕಾಗದಕ್ಕೆ ಸಂಬಂಧಿಸಿದ್ದು. ನಮ್ಮ ಪ್ರಶ್ನಾವಳಿಗೆ ಒಂದು ಮುಖಪುಟ ಇರುತ್ತಿತ್ತು, ಅದರಲ್ಲಿ ಉತ್ತರ ಕೊಟ್ಟವರ ಹೆಸರು ಮತ್ತು ಊರು. ಆ ಪುಟದ ಅಂಚಿಗೆ ಸಾಲಾಗಿ ಸೂಜಿತೂತು ಹೊಡೆದಿರುತ್ತಿತ್ತು. ಸಂದರ್ಶನ ಮುಗಿದ ಕೂಡಲೇ, ಉತ್ತರ ಕೊಟ್ಟವರ ಕಣ್ಣೆದುರಿಗೇ, ಆ ಗೆರೆಗುಂಟ ಮುಖಪುಟವನ್ನು ಹರಿದು ಬೇರೆ ಲಕೋಟೆಗೆ ಹಾಕಬೇಕು. ಆಮೇಲೆ ಉಳಿಯುವ ಫಾರಂನಲ್ಲಿ ಒಂದು ಸಂಖ್ಯೆ ಮಾತ್ರ. ಯಾರು ಹೇಳಿದ್ದೆಂದು ಬ್ರಹ್ಮನಿಗೂ ತಿಳಿಯಬಾರದು. ಹರಿಯುವಾಗ ಪರ್ ಎಂದು ಒಂದು ಸದ್ದಾಗುತ್ತದೆ. ಆ ಸದ್ದು ಕೇಳಿದ ಮೇಲೆ ಹೆಂಗಸರ ಭುಜ ಸ್ವಲ್ಪ ಇಳಿಯುವುದನ್ನು ನಾನು ನೋಡಿದ್ದೇನೆ.

ಆ ಒಳ್ಳೆಯ ಮೇಲಧಿಕಾರಿಯ ಜಾಗಕ್ಕೆ ಸಂತಾನಂ ಬಂದರು. ಕೆಟ್ಟವರಲ್ಲ, ಅವಸರದವರು. ಸಂದರ್ಶನ ನಿಜವಾಗಿ ನಡೆದಿದೆಯೇ ಎಂದು ಆಮೇಲೆ ಮನೆಗಳಿಗೆ ಹೋಗಿ ತಾಳೆ ನೋಡುವುದು ಅವರ ಕೆಲಸ. ಹೆಸರು ಒಂದು ಕಟ್ಟಿನಲ್ಲಿ, ಉತ್ತರ ಇನ್ನೊಂದು ಕಟ್ಟಿನಲ್ಲಿ ಇದ್ದರೆ ಎರಡನ್ನೂ ಹೊಂದಿಸಲು ಅರ್ಧ ದಿನ ಹೋಗುತ್ತದೆಂದು ಅವರ ತಕರಾರು. "ಹರಿಯಬೇಡಯ್ಯಾ, ಹಾಗೇ ಕಳಿಸು. ಚೆನ್ನೈಗೆ ಬಂದ ಮೇಲೆ ನಾವೇ ಹರಿದುಕೊಳ್ಳುತ್ತೇವೆ" ಎಂದರು. ನಾನು ಹರಿಯುವುದನ್ನು ಬಿಟ್ಟೆ. ಯಾರೂ ಕೇಳಲಿಲ್ಲ. ಇದಾದ ಮೇಲೆ ಅವರು ಇನ್ನೊಂದು ಆಜ್ಞೆ ಹೊರಡಿಸಿದರು: "'ಹೇಳಲಾರೆ' ಅನ್ನೋ ಉತ್ತರ ಜಾಸ್ತಿ ಬಂದರೆ ಫಾರಂ ವಾಪಸ್. ಮತ್ತೆ ಹೋಗಬೇಕು." ಜನರಿಗೆ ಎಲ್ಲ ವಿಷಯದಲ್ಲೂ ಅಭಿಪ್ರಾಯ ಇದ್ದೇ ಇರುತ್ತದೆಂದೂ, ಇಲ್ಲದಿದ್ದರೆ ಅದು ನಮ್ಮ ಸೋಮಾರಿತನವೆಂದೂ ಅವರ ನಂಬಿಕೆ.

ಕೃಷ್ಣಗಿರಿ ಧರ್ಮಪುರಿಯಿಂದ ಬೇರೆಯಾಗಿ ತಾನೇ ಜಿಲ್ಲೆಯಾದ ಮರುವರ್ಷ ದೊಡ್ಡ ಸಮೀಕ್ಷೆಯೊಂದು ಬಂತು. ಹಲವು ಗಿರಾಕಿಗಳ ಪ್ರಶ್ನೆಗಳನ್ನು ಒಂದೇ ಮೂಟೆಯಲ್ಲಿ ಕಟ್ಟಿ ಕಳಿಸುವ ಬಗೆಯದು. ನಲವತ್ತನೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾವ ಚಹಾಪುಡಿ? ನಲವತ್ತೆರಡನೇ ಪ್ರಶ್ನೆ: ಬಟ್ಟೆ ಒಗೆಯಲು ಪುಡಿಯೋ, ಬಿಲ್ಲೆಯೋ? ಇವೆರಡರ ಮಧ್ಯೆ, ನಲವತ್ತೊಂದು: "ಒಂದು ರಾಜ್ಯದ ಬಹುಪಾಲು ಜನ ಬಯಸಿದರೆ ಆ ರಾಜ್ಯ ದೇಶದಿಂದ ಬೇರೆಯಾಗಲು ಬಿಡಬೇಕೆ? ಬಿಡಬೇಕು. ಬಿಡಬಾರದು. ಹೇಳಲಾರೆ." ಮೂರು ಚೌಕ. ಹೀಗೆ ರಾಷ್ಟ್ರದ ಅಖಂಡತೆಯನ್ನು ಚಹಾಕ್ಕೂ ಸೋಪಿಗೂ ನಡುವೆ ಭದ್ರವಾಗಿ ಇಟ್ಟಿದ್ದರು.

ನಾನು ಸಂತಾನಂಗೆ ಫೋನು ಮಾಡಿದೆ. "ಸಾರ್, ಇದನ್ನು ಕೇಳಬಹುದಾ?"

"ಕೇಳೋದು ತಪ್ಪಲ್ಲ. ಹೇಳೋದು ಅವರ ಕಷ್ಟ" ಎಂದರು.

ಇದಕ್ಕಿಂತ ಸತ್ಯವಾದ ಮಾತನ್ನು ಅವರು ಹಿಂದೆಯೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ.

ಹೊಸೂರಿನ ಫ್ಯಾಕ್ಟರಿ ಬಡಾವಣೆಯಲ್ಲಿ ಶುರು ಮಾಡಿದೆ. ತುಮಕೂರು ಕಡೆಯಿಂದ ಬಂದು ನೆಲೆಸಿದ ಫಿಟ್ಟರ್ ಒಬ್ಬ ಪಾಳಿ ಮುಗಿಸಿ ಊಟ ಮಾಡುತ್ತಿದ್ದ. ಪ್ರಶ್ನೆ ಕೇಳಿ ತುತ್ತನ್ನು ಅಲ್ಲೇ ತಡೆದು, "ಬೇರೆ ಆದ್ರೆ ನಾನು ಅತ್ತಿಬೆಲೆ ದಾಟಕ್ಕೆ ಪಾಸ್‌ಪೋರ್ಟ್ ಬೇಕಾ?" ಎಂದ.

"ಬೇಕಾಗಬಹುದು."

"ನಮ್ಮತ್ತೆ ಆ ಕಡೇಲವ್ಳೆ. ಪಾಸ್‌ಪೋರ್ಟ್ ನಂಗೋ ಅವ್ಳಿಗೋ?"

"ಇಬ್ಬರಿಗೂ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಸಾರಿನ ಸೌಟು ಹಿಡಿದೇ ಇದ್ದಳು. "ಬಿಡಬಾರ್ದು" ಎಂದ. ಅವನು ಹೇಳಿದಂತೆಯೇ ಬರೆದುಕೊಂಡೆ.

ಕೃಷ್ಣಗಿರಿಯ ಮಾವಿನ ಮಂಡಿಯಲ್ಲಿ ಒಬ್ಬ ಹಳೆಯ ವ್ಯಾಪಾರಿ ಹುಲ್ಲು ಹಾಸಿದ ಹಣ್ಣಿನ ರಾಶಿಯ ಪಕ್ಕ ಕೂತು ನಕ್ಕರು. "ಇದನ್ನ ನಮ್ಮಪ್ಪನ ಕಾಲ್ದಲ್ಲೇ ಬ್ಯಾರೆ ಆಗ್ಬೇಕು ಅಂತ ತಮಿಳಲ್ಲಿ ಕೂಗಾಡಿ ಮುಗ್ಸವ್ರೆ. ಈಗ ಫಾರಂ ತಂದವ್ನೆ ನೋಡು! ನಾವು ಧರ್ಮಪುರಿ ಬಿಟ್ಟು ಬಂದ್ವಲ್ಲ, ಯಾರಾನ ಸತ್ರಾ? ಕಲೆಕ್ಟರ್ ಆಫೀಸು ಹತ್ರ ಬಂತು, ಅಷ್ಟೇಯ."

"ಜಿಲ್ಲೆಯಲ್ಲ ಯಜಮಾನರೇ, ದೇಶ."

"ದೇಶಾನಾ?" ಅವರು ಒಂದು ಹಣ್ಣನ್ನು ಮೂಸಿ ಪಕ್ಕಕ್ಕಿಟ್ಟರು. "ದೇಶ ಬಿಟ್ರೆ ಲಾರಿ ಎಲ್ಲಿ ನಿಲ್ಸ್‌ತಾರೆ, ಅದ್ನ ಹೇಳು ಮೊದ್ಲು."

ಇದಕ್ಕೆ ಚೌಕ ಇರಲಿಲ್ಲ. ಎರಡು ವಾರ ಸುತ್ತಿದ ಮೇಲೆ ನನಗೆ ತಿಳಿದದ್ದಿಷ್ಟು: ನಮ್ಮ ಜನಕ್ಕೆ ಬೇರೆಯಾಗುವುದೆಂದರೆ ದೆಹಲಿಯ ವಿಷಯವಲ್ಲ, ಅಣ್ಣತಮ್ಮಂದಿರ ಪಾಲಿನ ವಿಷಯ. ಪಾಲು ಎಂದರೆ ಅದಕ್ಕೆ ಒಂದು ಪದ್ಧತಿಯಿದೆ. ಯಾರು ಕೂರಬೇಕು, ಯಾರು ಮೊದಲು ಆರಿಸಿಕೊಳ್ಳಬೇಕು, ತಾಯಿ ಯಾರ ಮನೆಯಲ್ಲಿರಬೇಕು ಎಂಬುದೆಲ್ಲ ಇತ್ಯರ್ಥವಾಗದೆ ಹೌದು ಅಥವಾ ಅಲ್ಲ ಎನ್ನುವವನು ಅವರ ಕಣ್ಣಿಗೆ ತಿಳಿಗೇಡಿ. ಆದ್ದರಿಂದ ಎಲ್ಲರೂ ಉದ್ದುದ್ದ ಹೇಳುತ್ತಿದ್ದರು. ನಾನು ಸಂತಾನಂಗೆ ಹೆದರಿ, ಉದ್ದವನ್ನು ಕತ್ತರಿಸಿ ಚೌಕದೊಳಗೆ ತುರುಕುತ್ತಿದ್ದೆ.

ಇನ್ನು ಚೌಡಪ್ಪನ ವಿಷಯ. ಅವನ ನಿಜವಾದ ಹೆಸರು ಅದಲ್ಲ. ಒಮ್ಮೆ ಬರೆದು ಆದದ್ದು ಸಾಕು. ತಳಿಯಿಂದ ಜವಳಗಿರಿಗೆ ಹೋಗುವ ದಾರಿಯಲ್ಲಿ ಒಂದು ಊರು. ಕಾಡಿನಿಂದ ಆನೆ ಇಳಿದರೆ ಮೊದಲು ಸಿಗುವುದು ಅವನ ಹೂಕೋಸಿನ ಹೊಲ. ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲಿ ಕೂತು ಓದಿದವನು. ಮನೆಗಳನ್ನು ಲೆಕ್ಕದಂತೆ ಆರಿಸುವಾಗ ನನ್ನ ಎಣಿಕೆ ಅವನ ಬಾಗಿಲಿಗೇ ಬಂದು ನಿಂತಿತು. ಪರಿಚಯದವರ ಮನೆಯಾದರೆ ಬಿಟ್ಟು ಮುಂದಿನದಕ್ಕೆ ಹೋಗಬೇಕೆಂದು ನಿಯಮ. ಬಿಸಿಲು ಏರಿತ್ತು. ಅವನ ಹೆಂಡತಿ ಮಜ್ಜಿಗೆ ಚೆನ್ನಾಗಿ ಮಾಡುತ್ತಾಳೆ. ಕೂತೆ.

ಅವನ ಮಗಳು ಸರೋಜ ಅಂಗಳದಲ್ಲಿ ಬಿಳಿ ಕ್ಯಾನ್ವಾಸ್ ಶೂ ತೊಳೆದು ಗೋಡೆಗೆ ಒರಗಿಸುತ್ತಿದ್ದಳು. ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಓಟ, ಜಿಗಿತ, ಬರಹದ ಪರೀಕ್ಷೆ ಎಲ್ಲ ಪಾಸಾಗಿ, ನಡತೆಯ ವಿಚಾರಣೆಯೊಂದು ಮಾತ್ರ ಬಾಕಿಯಿತ್ತು. ಅದು ಮುಗಿದರೆ ಆದೇಶ. ಆ ಊರಿನಿಂದ ಸಮವಸ್ತ್ರ ಹಾಕುವ ಮೊದಲ ಹೆಣ್ಣು ಅವಳೇ ಆಗುತ್ತಿದ್ದಳು. ವಯಸ್ಸಿನ ಮಿತಿಗೆ ಅದೇ ಕೊನೆಯ ಅವಕಾಶ.

"ಬಾರ್ಲಾ, ಸರ್ವೆ ರಾಜಣ್ಣ" ಎಂದ ಚೌಡಪ್ಪ. "ಇವತ್ತೇನು, ಸೋಪಾ, ಸೀಗೇಕಾಯಾ?"

"ಎಲ್ಲ ಐತೆ. ಕೂತ್ಕೊ."

ನಲವತ್ತು ಪ್ರಶ್ನೆ ನಗುನಗುತ್ತ ಮುಗಿದವು. ನಲವತ್ತೊಂದನ್ನು ಓದಿದೆ. ಅವನು ಎಲೆಅಡಿಕೆ ಚೀಲವನ್ನು ಕಟ್ಟಿ ಪಕ್ಕಕ್ಕಿಟ್ಟ.

"ಇದು ತೂಕದ ಮಾತು ಕಣ್ಲಾ. ನಮ್ದೇ ತಗೊ. ನಾನು, ನನ್ ತಮ್ಮ ಮುನಿಯಪ್ಪ ಪಾಲಾದ್ವಿ. ಅವನು ಬಾ ಅಂದ್ರೂ ಬರ್ತಿರ್ಲಿಲ್ಲ, ಇರು ಅಂದ್ರೂ ಇರ್ತಿರ್ಲಿಲ್ಲ. ಹೋಗೇ ತೀರ್ತೀನಿ ಅನ್ನೋನ ಕಾಲ್ಗೆ ಹಗ್ಗ ಕಟ್ಟಕಾಯ್ತದಾ? ಹೊಲ ಪಾಲಾಯ್ತು. ಮನೆಗೆ ನಡುಗೋಡೆ ಎದ್ದೋಯ್ತು. ಆದ್ರೆ ಬಾವಿ?"

"ಬಾವಿ ಏನಾಯಿತು?"

"ಬಾವಿ ಪಾಲಾಗಲ್ಲ ಕಣ್ಲಾ! ಸೀಳಕಾಯ್ತದಾ ಅದ್ನ? ನಾಕು ದಿನ ನಂದು, ನಾಕು ದಿನ ಅವಂದು. ಮಾತಾಡ್ತೀವೋ ಬಿಡ್ತೀವೋ, ನೀರಿಗ್ ಮಾತ್ರ ಇಬ್ರೂ ಅಲ್ಲೇ ಬರ್ಬೇಕು. ಹಂಗೇನೇ ಇದೂ. ಹೋಗೋನು ಮೊದ್ಲು ಎಲ್ಲಾರ್ನೂ ಕೂರಿಸ್ಕೊಂಡು ಬಾವಿ ಹೆಂಗೆ ಅಂತ ಹೇಳ್ಬೇಕು. ಬಾವಿ ಮಾತು ಆಡ್ದೆ ಹೋಗ್ತೀನಿ ಅನ್ನೋನ್ನ ಬಿಡ್ಬಾರ್ದು. ಬಾವಿ ಮಾತೇ ಆಡ್ದೆ ಹೋಗ್ಬ್ಯಾಡ ಅನ್ನೋನೂ ಮನ್ಷ ಅಲ್ಲ. ಬರ್ಕಂಡ್ಯಾ?"

ಸರೋಜ ಗೋಡೆಯ ಹತ್ತಿರದಿಂದಲೇ, "ಅಪ್ಪ, ರಾಜಣ್ಣ ಮಾವಂಗೆ ಪೇಪರ್ ಸಾಲ್ದು" ಎಂದು ನಕ್ಕಳು.

ಸಾಲದ್ದು ನಿಜ. ಮೂರು ಚೌಕ, ಒಂದೊಂದೂ ಅಕ್ಕಿಕಾಳಿನಷ್ಟು. 'ಹೇಳಲಾರೆ'ಗೆ ಗುರುತು ಹಾಕಿದರೆ ಸಂತಾನಂ ಮತ್ತೆ ಕಳಿಸುತ್ತಾರೆ. "ಒಟ್ಟಾರೆ ಹೇಳು, ಬಿಡಬೇಕಾ, ಬಿಡಬಾರದಾ?" ಎಂದೆ. "ಹೇಳಿದ್ನಲ್ಲಾ" ಎಂದ. ಹಗ್ಗ ಕಟ್ಟಕಾಯ್ತದಾ ಎಂದು ಅವನು ಮೊದಲು ಹೇಳಿದ್ದನ್ನು ಹಿಡಿದುಕೊಂಡು 'ಬಿಡಬೇಕು' ಎಂಬ ಚೌಕಕ್ಕೆ ಗುರುತು ಹಾಕಿದೆ. ಬೇವಿನಕಡ್ಡಿಯ ಕಾಲದಲ್ಲಿ ಕಲಿತ ಧರ್ಮ ಅಲ್ಲಿಗೆ ಮುಗಿಯಿತು. ಮುಖಪುಟ ಹರಿಯಲಿಲ್ಲ. ಮಜ್ಜಿಗೆ ಕುಡಿದು ಎದ್ದೆ.

ಹತ್ತು ದಿನದ ಮೇಲೆ ಸಂತಾನಂ ಜೀಪಿನಲ್ಲಿ ಆ ಊರಿಗೆ ತಾಳೆ ನೋಡಲು ಹೋದರು. ಚೌಡಪ್ಪ ಹೂಕೋಸಿನ ಮೂಟೆಗಳೊಂದಿಗೆ ಹೊಸೂರಿಗೆ ಹೋಗಿದ್ದ. ಅವಸರದ ಮನುಷ್ಯ ಟೀ ಅಂಗಡಿಯಲ್ಲೇ ಕೂತು, ಫಾರಂ ಬಿಚ್ಚಿ, ಅಲ್ಲಿದ್ದವರನ್ನೇ ವಿಚಾರಿಸಿದರು. "ಚೌಡಪ್ಪ ಅನ್ನೋರ ಮನೆಗೆ ನಮ್ಮವರು ಬಂದಿದ್ದರಾ? ರಾಜ್ಯ ದೇಶ ಬಿಟ್ಟು ಹೋಗೋಕೆ ಬಿಡಬೇಕು ಅಂತ ಹೇಳಿದ್ದಾರೆ, ಸರಿಯಾ?" ತಮಿಳಿನಲ್ಲಿ, ಗಟ್ಟಿಯಾಗಿ. ಬೆಂಚಿನ ತುದಿಯಲ್ಲಿ ಟೀ ಆರಿಸಿಕೊಳ್ಳುತ್ತಿದ್ದವನು ತಮ್ಮ ಮುನಿಯಪ್ಪ. ಆ ವಾರ ಅಣ್ಣತಮ್ಮಂದಿರಿಗೆ ಬಾವಿಯ ಮೋಟಾರಿನ ರಿಪೇರಿ ವಿಷಯದಲ್ಲಿ ಜಗಳ ನಡೆದಿತ್ತು. ಅವನು ಟೀ ಲೋಟ ಕೆಳಗಿಟ್ಟು, "ಹೌದು ಸಾರ್, ಅವನು ಹಂಗೇ ಹೇಳೋನು" ಎಂದನಂತೆ. ಸಂತಾನಂ 'ಸರಿಯಿದೆ' ಎಂದು ಬರೆದು, ಸಹಿ ಹಾಕಿ, ತೃಪ್ತರಾಗಿ ಹೊರಟರು.

ಅದಾದ ಮೇಲೆ ಒಂದು ಮೂಗರ್ಜಿ ಹೋಯಿತು. ಪೊಲೀಸ್ ಕೆಲಸಕ್ಕೆ ಆಯ್ಕೆಯಾದ ಹುಡುಗಿಯ ತಂದೆ ದೇಶ ಒಡೆಯುವ ಮಾತಾಡುತ್ತಾನೆಂದೂ, ಕನ್ನಡದವನಾದ್ದರಿಂದ ಈ ಸೀಮೆಯನ್ನೇ ಆ ಕಡೆಗೆ ಸೇರಿಸುವ ಸಂಚಿದೆಯೆಂದೂ, ಸಾಕ್ಷಿ ಚೆನ್ನೈಯ ಸಂಸ್ಥೆಯಲ್ಲಿದೆಯೆಂದೂ ಅದರಲ್ಲಿತ್ತು. ಹೂಕೋಸು ಬೆಳೆಯುವ ಒಬ್ಬ ಮನುಷ್ಯ ಎರಡು ರಾಜ್ಯಗಳನ್ನೂ ಒಂದು ದೇಶವನ್ನೂ ಒಟ್ಟಿಗೇ ಕದಲಿಸಲು ಹೊರಟಿದ್ದ. ಯಾರು ಬರೆದರೆಂದು ಅರ್ಜಿಯಲ್ಲಿ ಇರಲಿಲ್ಲ. ಊರಿಗೆಲ್ಲ ಗೊತ್ತಿತ್ತು.

ಠಾಣೆಯವರು ಸಂಸ್ಥೆಗೆ ಪತ್ರ ಬರೆದರು. ಸಂಸ್ಥೆ ಸಂಪೂರ್ಣವಾಗಿ ಸಹಕರಿಸಿತು. ಮುಖಪುಟ ಸಹಿತ ಫಾರಂನ ಪ್ರತಿ ಅಂಚೆಯಲ್ಲಿ ಬಂತು. ಆ ಪುಟವನ್ನು ನಾನು ಹರಿದಿದ್ದರೆ ಅವರು ಕಳಿಸಬಹುದಾಗಿದ್ದದ್ದು ಒಂದು ಸಂಖ್ಯೆ ಮಾತ್ರ. ಸಂಖ್ಯೆಗೆ ಮಗಳಿರುವುದಿಲ್ಲ.

ನನ್ನನ್ನೂ ಕರೆಸಿದರು. ಹಿಂದಿನ ದಿನ ಸಂತಾನಂ ಫೋನಿನಲ್ಲಿ, "ನೋಡಯ್ಯಾ, ಫಾರಂ ಸರಿ ಅಂದರೆ ಎಲ್ಲ ಸರಿ. ತಪ್ಪು ಅಂದೆಯೋ, ನಿನ್ನ ಕೈಯಿಂದ ಬಂದ ಅಷ್ಟೂ ಫಾರಂ ತಪ್ಪು. ಆಮೇಲೆ ನೀನು ನಮ್ಮಲ್ಲಿ ಇರೋಕೆ ಆಗಲ್ಲ" ಎಂದಿದ್ದರು. ನಿವೃತ್ತಿಗೆ ಮೂರು ವರ್ಷವಿತ್ತು.

ಠಾಣೆಯ ಹೊರಗಿನ ಬೆಂಚಿನಲ್ಲಿ ಚೌಡಪ್ಪ ಕೂತಿದ್ದ, ಮದುವೆಗೆ ಹಾಕುವ ಬಿಳಿ ಅಂಗಿಯಲ್ಲಿ. ಸರೋಜ ನಿಂತಿದ್ದಳು. ಅದೇ ಬಿಳಿ ಶೂ. ನನ್ನನ್ನು ಕಂಡು ಇಬ್ಬರ ಮುಖವೂ ಅರಳಿತು. ಅದನ್ನು ನನಗೆ ಈಗಲೂ ಮರೆಯಲಾಗುತ್ತಿಲ್ಲ.

"ಬಂದ್ಯಾ? ಬಾರ್ಲಾ" ಎಂದ ಚೌಡಪ್ಪ. "ಹೋಗಿ ಬಾವಿ ಮಾತು ಪೂರ್ತಿ ಹೇಳು. ನಾನು ಹೇಳಿದ್ರೆ ಈಗ ಕಟ್ಟಿ ಹೇಳ್ತಾವ್ನೆ ಅಂತಾರೆ. ಕೇಳ್ದೋನು ನೀನು."

ಒಳಗಿದ್ದ ಅಧಿಕಾರಿ ಸಜ್ಜನರು. ನನಗೆ ಕುರ್ಚಿ ಕೊಟ್ಟರು, ಟೀ ತರಿಸಿದರು. ಖಳನೊಬ್ಬ ಸಿಕ್ಕಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಅವರು ಫಾರಂ ಮುಂದಿಟ್ಟು ತಮಿಳಿನಲ್ಲಿ ಕೇಳಿದರು.

"ಇದು ನಿಮ್ಮ ಕೈಯದಾ?"

"ಹೌದು ಸಾರ್."

"ಅವರು ಹೇಳಿದ್ದು ಇದೇನಾ?"

"ಫಾರಂನಲ್ಲಿ ಏನಿದೆಯೋ ಅದೇ ಸಾರ್."

ಅವರು ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು. "ಬೇರೆ ಏನಾದರೂ ಹೇಳಿದರಾ? ಮುಂದೆ, ಹಿಂದೆ? ಹಳ್ಳಿಯವರು ಬರೀ ಹೌದು ಅನ್ನಲ್ಲ, ಏನಾದರೂ ಸೇರಿಸ್ತಾರೆ. ಹೇಳಿ, ಬರೆದುಕೊಳ್ಳುತ್ತೇನೆ. ಹುಡುಗಿಯ ವಿಷಯ ಇದೆ."

ಬಾವಿ ನನ್ನ ಬಾಯಿಯವರೆಗೂ ಬಂದಿತ್ತು. ಬಾಗಿಲಿಗೆ ಪರದೆ ಮಾತ್ರ. ಅದರ ಕೆಳಗೆ ಎರಡು ಬಿಳಿ ಶೂ ಕಾಣುತ್ತಿದ್ದವು. ಇಪ್ಪತ್ತಮೂರು ವರ್ಷ ಬೇರೆಯವರ ಅಭಿಪ್ರಾಯವನ್ನು ಯಾವ ಅಳುಕೂ ಇಲ್ಲದೆ ಹೊತ್ತು ತಿರುಗಿದ ಮನುಷ್ಯ ನಾನು. ಅವತ್ತು ಒಬ್ಬನ ಮಾತನ್ನು ಹದಿನೈದು ಅಡಿ ಹೊರಬೇಕಿತ್ತು, ಬೆಂಚಿನಿಂದ ಮೇಜಿನವರೆಗೆ.

"ಇಲ್ಲ ಸಾರ್. ಅಷ್ಟೇ" ಎಂದೆ.

ಅವರು ಅಷ್ಟನ್ನೇ ಬರೆದುಕೊಂಡರು. ಟೀ ಕುಡಿದು ಹೋಗಿ ಎಂದರು. ಕುಡಿದೆ. ಹೊರಗೆ ಬಂದಾಗ ಚೌಡಪ್ಪ ಎದ್ದು ನಿಂತಿದ್ದ. ಪರದೆಯಾಚೆಯ ತಮಿಳು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಆಗಲೇ ಹೇಳಿದೆನಲ್ಲ, ನಮ್ಮ ಕಡೆ ಎಲ್ಲರಿಗೂ ಮೂರು ಭಾಷೆ. ಸರೋಜ ತಂದೆಯ ಅಂಗಿಯ ಭುಜಕ್ಕೆ ಹತ್ತಿದ್ದ ಗೋಡೆಯ ಸುಣ್ಣವನ್ನು ಕೈಯಿಂದ ಒರೆಸುತ್ತಿದ್ದಳು.

ಅವಳಿಗೆ ಕೆಲಸ ಇಲ್ಲವೆಂದು ಯಾರೂ ಹೇಳಲಿಲ್ಲ. ಕಡತ ಮೇಲಕ್ಕೆ ಹೋಗಿದೆ ಎಂದರು. ಮೇಲೆ ಕೇಳಿದರೆ ಇನ್ನೂ ಮೇಲೆ ಎಂದರು. ಆ ಸಲದ ಪಟ್ಟಿ ಮುಗಿಯಿತು. ಮುಂದಿನ ಸಲಕ್ಕೆ ಅವಳಿಗೆ ವಯಸ್ಸು ಮೀರಿತ್ತು.

ನಾನು ಒಮ್ಮೆ ಅವನ ಹೊಲಕ್ಕೆ ಹೋದೆ. ಕ್ಷಮೆ ಕೇಳಲೆಂದು ಹೋದದ್ದು. ಏನು ಹೇಳಬೇಕೆಂದು ಬಸ್ಸಿನಲ್ಲಿ ಅಭ್ಯಾಸವನ್ನೂ ಮಾಡಿದ್ದೆ. ಚೌಡಪ್ಪ ಬಾವಿಯ ಕಟ್ಟೆಯಿಂದ ಸ್ವಲ್ಪ ದೂರ, ಬದುವಿನ ಮೇಲೆ ಕೂತಿದ್ದ. ಅವನ ಹೂಕೋಸಿನ ಎಲೆಗಳು ಬಿಸಿಲಿಗೆ ಜೋಲುಬಿದ್ದಿದ್ದವು. ಮೋಟಾರು ಓಡುತ್ತಿತ್ತು, ನೀರು ಮುನಿಯಪ್ಪನ ಕೊತ್ತಂಬರಿ ಮಡಿಗೆ ಹರಿಯುತ್ತಿತ್ತು.

"ಬನ್ನಿ" ಎಂದ. ಏಳನೇ ಕ್ಲಾಸಿನಿಂದ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. ಏನಾದರೂ ಆಡಬೇಕಲ್ಲ ಎಂದು, "ಅವನು ನಿನಗೆ ಅಷ್ಟು ಮಾಡಿದ ಮೇಲೂ ನೀರು ಬಿಡ್ತೀಯಲ್ಲ ಚೌಡಪ್ಪ" ಎಂದೆ.

"ಇವತ್ತು ಅವನ ಸರದಿ."

"ಆದರೂ..."

"ನಾನು ನಿಮ್ಗೆ ಹೇಳಿದ್ದು ಬಾವಿ ವಿಷ್ಯ. ನೀವು ಬರ್ಕಂಡಿದ್ದು ಪಾಲಿನ ವಿಷ್ಯ. ಅವ್ನಿಗೂ ನಂಗೂ ಜಗಳ ಐತೆ, ನಾಳೆ ನಾಡಿದ್ದು ಹೊಡೆದಾಡ್ಕಂತೀವಿ, ಅದು ಬ್ಯಾರೆ. ಅವನು ನಂಗೆ ಆಗ್ದೋನು, ಬರ್ದ. ನಿಮ್ಗೂ ನಂಗೂ ಏನಿತ್ತು?"

ಉತ್ತರಕ್ಕೆ ಅವನು ಕಾಯಲಿಲ್ಲ. ಅಲ್ಲಿಂದಲೇ ಕೂಗಿ, "ಲೇ ಮುನಿಯ, ಆ ಮಡಿ ತುಂಬ್ತು ನೋಡ್ಲಾ, ತಿರುಗ್ಸು!" ಎಂದ. ಮುನಿಯಪ್ಪ ಆ ಕಡೆಯಿಂದ, "ಕಾಣ್ತದೆ, ನಿಂಗ್ಯಾಕೆ?" ಎಂದು ಬೈದು, ಗುದ್ದಲಿ ತೆಗೆದುಕೊಂಡು ನೀರು ತಿರುಗಿಸಿದ. ಬೈಗುಳದಲ್ಲಾದರೂ ಅವರಿಬ್ಬರ ನಡುವೆ ಮಾತಿತ್ತು. ನನಗೆ ಬಸ್ಸಿನ ಹೊತ್ತಾಯಿತೆಂದು ಹೇಳಿ ಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

ಸಮೀಕ್ಷೆಯ ವರದಿ ಹೊಳೆಯುವ ಕಾಗದದಲ್ಲಿ ಅಚ್ಚಾಗಿ ಬಂತು. ನಲವತ್ತೊಂದನೇ ಪ್ರಶ್ನೆಗೆ ಅರ್ಧ ಪುಟ, ಅದರಲ್ಲಿ ಮೂರು ಬಣ್ಣದ ಮೂರು ಕಂಬ. ಗಿರಾಕಿಗಳು ಮೆಚ್ಚಿದರೆಂದು ಸಂತಾನಂ ಹೇಳಿದರು. ಆ ಕಂಬಗಳಲ್ಲಿ ಒಂದರೊಳಗೆ ಚೌಡಪ್ಪ ಇದ್ದಾನೆ. ಮಾವಿನ ಮಂಡಿಯ ಲಾರಿಗಳೂ ಎಲ್ಲೋ ಒಳಗೆ ನಿಂತಿವೆ. ಬಾವಿ ಮಾತ್ರ ಯಾವ ಕಂಬದಲ್ಲೂ ಇಲ್ಲ. ನಮ್ಮ ಸೀಮೆಯ ಜನ ಈ ವಿಷಯದಲ್ಲಿ ಏನೆನ್ನುತ್ತಾರೆಂದು ತಿಳಿಯಬೇಕೆಂದು ಯಾರಾದರೂ ಆ ವರದಿಯನ್ನು ಇಟ್ಟುಕೊಂಡಿದ್ದರೆ, ಅದರ ಕಾಗದ ಗಟ್ಟಿಯಾಗಿದೆ. ಪುಸ್ತಕಕ್ಕೆ ರಟ್ಟು ಹಾಕಲು ಆಗುತ್ತದೆ.

ನನಗೆ ನಿವೃತ್ತಿಯ ದಿನ ಶಾಲು ಹೊದಿಸಿದರು. ಪ್ರಾಮಾಣಿಕ ಸೇವೆ ಎಂದು ಸಂತಾನಂ ಭಾಷಣ ಮಾಡಿದರು. ಈಗ ಕಾಗದವೇ ಇಲ್ಲವಂತೆ, ಅಂಗೈಯಗಲದ ಯಂತ್ರದಲ್ಲಿ ಒತ್ತಿದರೆ ಉತ್ತರ ನೇರ ಚೆನ್ನೈಗೆ ಹೋಗುತ್ತದಂತೆ. ಆ ಹುಡುಗಿಯರು ತೋರಿಸಿದರು. ಹರಿಯಲು ಪುಟವಿಲ್ಲ. ಚೌಕ ಮೂರೇ ಇವೆ.

ಕಳೆದ ವರ್ಷ ತಂಗಿಯ ಮಗನ ಮದುವೆಯ ಕರೆಯೋಲೆ ಕೊಡಲು ಹೊಸೂರಿನ ಒಂದು ಫ್ಯಾಕ್ಟರಿಗೆ ಹೋದೆ. ಗೇಟಿನ ಗೂಡಿನಲ್ಲಿ ನೀಲಿ ಸಮವಸ್ತ್ರ, ನಡುಪಟ್ಟಿ, ಕಪ್ಪು ಶೂ ಹಾಕಿದ ಕಾವಲಿನ ಹೆಣ್ಣುಮಗಳು ರಿಜಿಸ್ಟರ್ ತಿರುಗಿಸಿ ನನ್ನ ಕಡೆ ದೂಡಿದಳು. ಸರೋಜ. ಅವಳಿಗೆ ನನ್ನ ಗುರುತು ಸಿಗಲಿಲ್ಲವೇನೋ ಎಂದುಕೊಂಡೆ. ಸಿಕ್ಕಿತ್ತು.

"ಹೆಸರು ಬರೀರಿ. ಯಾರನ್ನ ನೋಡ್ಬೇಕು, ಅದೂನು."

ಬರೆದೆ. ಅವಳು ಪಾಸಿನ ಪುಸ್ತಕ ತೆಗೆದು ನನ್ನ ಹೆಸರು ಬರೆದು, ತೂತಿನ ಗೆರೆಯ ಮೇಲೆ ಉಗುರು ಎಳೆದು, ನನ್ನ ಕಣ್ಣೆದುರಿಗೇ ಹರಿದಳು. ಪರ್ ಎಂದಿತು. ಬರೀ ಸಂಖ್ಯೆಯಿದ್ದ ಚೂರನ್ನು ನನಗೆ ಕೊಟ್ಟು, ಹೆಸರಿದ್ದದ್ದನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು.

"ಹೆಸರಿರೋದು ನಮ್ತಾವ ಇರ್ತದೆ. ಯಾರ್ಗೂ ತೋರ್ಸಲ್ಲ" ಎಂದಳು. ಎಲ್ಲರಿಗೂ ಹೇಳುವ ಮಾತೇ ಇರಬೇಕು.

ಒಳಗೆ ಹೋಗಿ ಬಂದು ಚೂರನ್ನು ವಾಪಸು ಕೊಟ್ಟೆ. ಅವಳು ಸಂಖ್ಯೆ ತಾಳೆ ನೋಡಿ, ರಿಜಿಸ್ಟರಿನಲ್ಲಿ ನನ್ನ ಸಾಲಿನ ಮೇಲೆ ಬೆರಳಿಟ್ಟಳು.

"ಕೊನೇ ಕಾಲಂ ಖಾಲಿ ಬಿಟ್ಟಿದ್ದೀರ."

ನೋಡಿದೆ. ಬಂದುಹೋದವರು ತಮ್ಮ ಅಭಿಪ್ರಾಯ ಬರೆಯುವ ಕಾಲಂ. ಮೇಲಿನವರೆಲ್ಲ 'ಚೆನ್ನಾಗಿದೆ' ಎಂದು ಬರೆದಿದ್ದರು.

"ಅಪ್ಪ ಹೇಗಿದ್ದಾನೆ ಸರೋಜ?" ಎಂದೆ.

"ಅಭಿಪ್ರಾಯ ಏನು ಅಂತ ಹೇಳಿ ಸಾರ್. ಖಾಲಿ ಬಿಡಂಗಿಲ್ಲ, ನಾನೇ ಬರ್ಕಂತೀನಿ."

ಹಿಂದೆ ಒಂದು ಲಾರಿ ಹಾರನ್ ಹೊಡೆಯುತ್ತಿತ್ತು. ಅವಳು ಪೆನ್ನು ಹಿಡಿದು ಕಾದಳು. ಠಾಣೆಯಲ್ಲಿ ಆ ಅಧಿಕಾರಿಯೂ ಹಾಗೆಯೇ ಕಾದಿದ್ದರು.

"ಹೇಳಲಾರೆ" ಎಂದೆ.

ಅವಳು ತಲೆ ಎತ್ತಲಿಲ್ಲ. ನಾನು ಹೇಳಿದ್ದನ್ನು, ಹೇಳಿದಂತೆಯೇ, ಬರೆದುಕೊಂಡಳು.